ಸರ್ವರ್ ಬದಲಾದಾಗ ಉಳಿಯುವುದೇನು?
ಸಣ್ಣ ಸರ್ವರಿಗೆ ಹೋದ್ರೆ ಗಡಿ ಕನ್ನಡಕ್ಕೆ ಜಾಗ ಸಿಗ್ತದೆ ಅಂತಾರೆ. ನಾನು ಇದನ್ನು ಅರ್ಧ ಒಪ್ಪುತ್ತೇನೆ. ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ, 2019ರ ನವೆಂಬರಿನಲ್ಲಿ ಅನೇಕ ಭಾರತೀಯರು ಮ್ಯಾಸ್ಟೊಡಾನ್‌ಗೆ ಹೋದರು; ಬಹಳ ಮಂದಿ ಇಳಿದದ್ದು 'ಮ್ಯಾಸ್ಟೊಡಾನ್.ಸೋಶಿಯಲ್' ಎಂಬ ಒಂದೇ ದೊಡ್ಡ ಸರ್ವರಿನಲ್ಲಿ. ಅಲ್ಲಿನ ಸ್ಥಳೀಯ ಟೈಮ್‌ಲೈನಿನಲ್ಲಿ ಗಡಹಿಂಗ್ಲಜದ ಒಂದು ಕನ್ನಡ ಸಾಲು ಕ್ಷಣದಲ್ಲಿ ಮುಳುಗಿಹೋಗುತ್ತದೆ. ಸಣ್ಣ ಸರ್ವರಿನಲ್ಲಾದರೆ ಅದು ಇಚಲಕರಂಜಿ, ಕೊಲ್ಹಾಪುರದವರ ಕಣ್ಣಿಗೂ ಬೀಳುತ್ತದೆ. ಇದು ಲಾಭವೇ. ಆದರೆ ನೋಡ್ರಿ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಖಾತೆ ಸಾಗಿಸಿದರೆ ಹಿಂಬಾಲಕರು ಬರ್ತಾರೆ, ಹಳೆಯ ಪೋಸ್ಟುಗಳು ಬರೋದಿಲ್ಲ. ಮರಾಠಿ ಶಾಲೆಯಲ್ಲಿ ಓದಿ ಕನ್ನಡದಲ್ಲಿ ಬರೆಯುವವರಿಗೆ ಆ ಸಾಲುಗಳೇ ದಾಖಲೆ. ಮೊದಲು ಆರ್ಕೈವ್ ಇಳಿಸಿಕೊಳ್ಳಬೇಕು; ಹೊಸ ಸರ್ವರಿನ ಖರ್ಚು, ಉಸ್ತುವಾರಿ ಯಾರದು ಅಂತ ಕೇಳಿ ಆಮೇಲೆ ಹೊರಡಬೇಕು.