ಅಂಜಬೇಕಾದಲ್ಲಿ ಅಂಜದ ಕಮಾಂಡು

ಅಪಾಚೆ ಕಾಫ್ಕಾದ ಜೊತೆ ಬರುವ ಕಮಾಂಡ್ ಲೈನ್ ಸಾಧನಗಳನ್ನು ಹೊಗಳಿದವರು ಕಡಿಮೆ. ನಿಧಾನ, ಒರಟು, ಒಂದರ ರೀತಿ ಇನ್ನೊಂದಕ್ಕಿಲ್ಲ ಎಂದು ಎಲ್ಲರೂ ದೂರುತ್ತಾರೆ, ದೂರು ಸುಳ್ಳೂ ಅಲ್ಲ. ಆದರೆ ನನ್ನ ತಕರಾರು ಅವುಗಳ ಎಚ್ಚರದ ಬಗ್ಗೆ. ತಿದ್ದಿಕೊಳ್ಳಬಹುದಾದ ಕೆಲಸಕ್ಕೆ ಈ ಸಾಧನ ‘ಖರೇನಾ?’ ಎಂದು ನಿಲ್ಲಿಸಿ ಕೇಳುತ್ತದೆ. ತಿದ್ದಲಾಗದ ಕೆಲಸವನ್ನು ಎಂಟರ್ ಒತ್ತಿದ ಕೂಡಲೇ ಮುಗಿಸಿ ಸುಮ್ಮನಾಗುತ್ತದೆ.

ಕಾಫ್ಕಾ ಹುಟ್ಟಿದ್ದು ಲಿಂಕ್ಡ್‌ಇನ್ ಕಂಪನಿಯಲ್ಲಿ. ಜೇ ಕ್ರೆಪ್ಸ್, ನೇಹಾ ನಾರ್ಖೇಡೆ, ಜುನ್ ರಾವ್ ಸೇರಿ ಕಟ್ಟಿದ್ದು 2011ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಯಿತು. ಎಡೆಬಿಡದೆ ಬರುವ ಸಣ್ಣ ಸಣ್ಣ ಸಂದೇಶಗಳನ್ನು ಬಂದ ಕ್ರಮದಲ್ಲೇ ಬರೆದಿಟ್ಟು, ಬೇಕಾದವರು ತಮ್ಮ ತಮ್ಮ ವೇಗದಲ್ಲಿ ಓದಿಕೊಳ್ಳಲು ಬಿಡುವುದು ಇದರ ಕೆಲಸ. ಬೆಂಗಳೂರಿನ ಆಟೊಗಳ ಆ್ಯಪ್ ‘ನಮ್ಮ ಯಾತ್ರಿ’ ತನ್ನ ಕೋಡನ್ನು ಬಹಿರಂಗವಾಗಿ ಇಟ್ಟಿದೆ. ತೆರೆದು ನೋಡಿದರೆ ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಡೇಟಾಬೇಸ್‌ಗಳ ಪಕ್ಕದಲ್ಲಿ ಕಾಫ್ಕಾ ಕೂತಿದೆ. ಹೀಗೆ ದೊಡ್ಡ ಕೆಲಸ ಹೊತ್ತ ಕ್ಲಸ್ಟರಿಗೂ, ಅಂದರೆ ಒಟ್ಟಾಗಿ ದುಡಿಯುವ ಸರ್ವರುಗಳ ಗುಂಪಿಗೂ, ಕೊನೆಗೆ ಒಬ್ಬ ಮನುಷ್ಯ ಕಪ್ಪು ಪರದೆಯ ಮುಂದೆ ಕೂತು ಕಮಾಂಡು ಹೊಡೆಯಲೇಬೇಕು.

ನಾನು ಪರೀಕ್ಷೆಗೆ ಆರಿಸಿಕೊಂಡದ್ದು ನಮ್ಮ ಸೀಮೆಯದೇ ಮಾದರಿ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. 10,000 ಕ್ಯೂಸೆಕ್ ಹರಿಯುವ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಲೆಕ್ಕ. ಅಲ್ಲಿನ ಗೇಟುಗಳಿಗೆ ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆ ಬಂದಿದೆ. ನೀರಿನ ಮಟ್ಟ ದೂರದ ಕಂಟ್ರೋಲ್ ರೂಮಿಗೆ ತಾನಾಗಿ ಹೋಗುತ್ತದೆ. ಅದನ್ನೇ ಅನುಕರಿಸಿ ಲ್ಯಾಪ್‌ಟಾಪಿನಲ್ಲಿ ಮೂರು ಬ್ರೋಕರುಗಳ (ಸಂದೇಶ ಕಾಯ್ದಿಡುವ ಸರ್ವರುಗಳ) ಕ್ಲಸ್ಟರ್ ಕಟ್ಟಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಹೆಸರಿನಲ್ಲಿ ಕಲ್ಪಿತ ಗೇಟುಗಳ ಕಲ್ಪಿತ ಅಂಕಿಗಳನ್ನು ಹರಿಯಬಿಟ್ಟೆ.

ನೋಡುವ ಕೆಲಸಕ್ಕೆ ಈ ಸಾಧನ ಉತ್ತಮ, ಅದನ್ನು ಮೊದಲೇ ಹೇಳಬೇಕು. ಓದುವವರ ಗುಂಪಾದ ಕನ್ಸ್ಯೂಮರ್ ಗ್ರೂಪಿನ ವಿವರ ಕೇಳಿದರೆ, ಸಂದೇಶಗಳ ಸಾಲಾದ ಟಾಪಿಕ್ಕಿನ ಪ್ರತಿ ತುಂಡಿಗೆ, ಅಂದರೆ ಪಾರ್ಟಿಶನ್ನಿಗೆ, ಎಷ್ಟು ಬರೆದಿದೆ, ಎಷ್ಟು ಓದಿದೆ, ಎಷ್ಟು ಬಾಕಿ ಎಂಬ ಮೂರು ಅಂಕಿ ಸಿಗುತ್ತವೆ. ಬಾಕಿಯ ಅಂಕಿಯನ್ನು ಲ್ಯಾಗ್ ಎನ್ನುತ್ತಾರೆ. ಅದು ಕಾಲುವೆಯ ಕೊನೆ ಭಾಗದ ರೈತನ ಮಾತಿದ್ದಂತೆ: ಮೇಲೆ ಎಷ್ಟು ನೀರು ಬಿಟ್ಟೆವೆಂದು ಯಾರು ಏನೇ ಹೇಳಲಿ, ನಿಜ ತಿಳಿಯುವುದು ಅಲ್ಲಿ. ಸಾಲುಗಳು ಪರದೆಗಿಂತ ಅಗಲವಾಗಿ ಮುರಿದು ಬೀಳುತ್ತವೆ, ಕಣ್ಣಿಗೆ ತ್ರಾಸು. ಆದರೂ ಅಂಕಿಯಲ್ಲಿ ಮೋಸವಿಲ್ಲ. ಬೇರೆ ಬ್ರೋಕರುಗಳಲ್ಲಿ ಇರಬೇಕಾದ ಪ್ರತಿಗಳು ಕಡಿಮೆಯಾದ ಪಾರ್ಟಿಶನ್ನುಗಳನ್ನಷ್ಟೇ ತೋರಿಸು ಎಂಬ ಆಯ್ಕೆ ನನಗೆ ಇನ್ನೂ ಇಷ್ಟ. ಎಲ್ಲ ಸರಿಯಿದ್ದರೆ ಒಂದಕ್ಷರವೂ ಮೂಡುವುದಿಲ್ಲ. ಒಂದು ಬ್ರೋಕರನ್ನು ನಿಲ್ಲಿಸಿ ಕೇಳಿದಾಗ ಸಾಲುಸಾಲಾಗಿ ಹೆಸರುಗಳು ಬಂದವು.

ಇನ್ನು ಎಚ್ಚರದ ಮಾತು. ಓದುವವರ ಗುರುತನ್ನು, ಅಂದರೆ ಆಫ್‌ಸೆಟ್ಟನ್ನು, ಹಿಂದಕ್ಕೋ ಮುಂದಕ್ಕೋ ಸರಿಸುವ ಸೌಲಭ್ಯ 2017ರಲ್ಲಿ ಬಂತು. ಇದರ ರಚನೆ ಮಾದರಿಯಂತಿದೆ. ಆರಂಭಕ್ಕೆ ಒಯ್ಯಿ, ಇಂಥ ದಿನ ಇಂಥ ಹೊತ್ತಿಗೆ ಒಯ್ಯಿ, ಹತ್ತು ಹೆಜ್ಜೆ ಹಿಂದೆ ಸರಿಸು ಎಂದೆಲ್ಲ ಹೇಳಬಹುದು. ಹೇಳಿದ ಕೂಡಲೇ ಅದು ಮಾಡುವುದಿಲ್ಲ. ಮಾಡಿದರೆ ಹೀಗಾಗುತ್ತದೆ ಎಂದು ಪಟ್ಟಿ ತೋರಿಸಿ ಕೂರುತ್ತದೆ. ‘ಎಕ್ಸಿಕ್ಯೂಟ್’ ಎಂದು ಬಿಡಿಸಿ ಬರೆದರೆ ಮಾತ್ರ ಕೈ ಹಚ್ಚುತ್ತದೆ. ಗ್ರೂಪಿನಲ್ಲಿ ಯಾರಾದರೂ ಇನ್ನೂ ಓದುತ್ತಿದ್ದರೆ ಆಗಲೂ ಒಪ್ಪದು. ಹಳೆಯ ಗುರುತುಗಳನ್ನು ಮೊದಲೇ ಸಿಎಸ್‌ವಿ ಕಡತಕ್ಕೆ ಇಳಿಸಿಕೊಂಡಿದ್ದರೆ ತಪ್ಪಿದರೂ ಹಿಂದಿರುಗಬಹುದು.

ಇದೇ ಪೆಟ್ಟಿಗೆಯಲ್ಲಿರುವ ಟಾಪಿಕ್ ಅಳಿಸುವ ಕಮಾಂಡಿಗೆ ಈ ಸಂಸ್ಕಾರ ಇಲ್ಲ. ಅಳಿಸು ಎಂದರೆ ಅಳಿಸಿತು. ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಯಿಲ್ಲ, ಒಳಗೆ ಎಷ್ಟು ಸಂದೇಶಗಳಿವೆ ಎಂಬ ಮಾಹಿತಿಯಿಲ್ಲ. ಬ್ರೋಕರಿನ ಡಿಸ್ಕಿನಲ್ಲಿ ಫೋಲ್ಡರಿನ ಹೆಸರು ಬದಲಾಗಿ, ಮೂಲ ಸೆಟ್ಟಿಂಗಿನಂತೆ ಒಂದು ನಿಮಿಷದ ನಂತರವೇ ಕಡತಗಳು ಹೋಗುತ್ತವೆ. ಆ ನಿಮಿಷದೊಳಗೆ ತಪ್ಪು ಗೊತ್ತಾದರೂ ‘ಬೇಡ, ತಿರುಗಿ ಕೊಡು’ ಎನ್ನಲು ಕಮಾಂಡಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಳಿಸುವಾಗ ಕೊಡುವ ಹೆಸರನ್ನು ಸಾಧನ ಬರೀ ಹೆಸರೆಂದು ಓದುವುದಿಲ್ಲ, ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹಲವು ಹೆಸರುಗಳಿಗೆ ಹೊಂದಬಲ್ಲ ನಮೂನೆ, ಎಂದು ಓದುತ್ತದೆ. ಅಲ್ಲಿ ಚುಕ್ಕಿಗೆ ‘ಯಾವ ಅಕ್ಷರವಾದರೂ ಸರಿ’ ಎಂಬ ಅರ್ಥ. ಟಾಪಿಕ್ಕುಗಳ ಹೆಸರಿನಲ್ಲಿ ಚುಕ್ಕಿ ಇಡುವುದೋ ಹಲವರ ರೂಢಿ. ಇಂಡಿಗೂ ಗೇಟಿಗೂ ನಡುವೆ ಚುಕ್ಕಿಯಿರುವ ಟಾಪಿಕ್ ಒಂದು, ಅಡ್ಡಗೆರೆಯಿರುವ ಟಾಪಿಕ್ ಇನ್ನೊಂದು ಎಂದಿದ್ದರೆ, ಮೊದಲನೆಯದನ್ನು ಅಳಿಸಲು ಹೋದಾಗ ಎರಡನೆಯದೂ ಜೊತೆಗೇ ಹೋಗುತ್ತದೆ. ಕೈಪಿಡಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಒಂದು ಸಾಲಿಗೆ ಮುಗಿಯುವ ವಿಷಯ ಇದಲ್ಲ.

ಪಾರ್ಟಿಶನ್ ಹೆಚ್ಚಿಸುವುದೂ ಹಿಂದಿರುಗಲಾಗದ ಹೆಜ್ಜೆಯೇ. ಮೂರನ್ನು ಆರು ಮಾಡಬಹುದು, ಆರನ್ನು ಮೂರು ಮಾಡಲಾಗದು. ಯಾವ ಗೇಟಿನ ಅಂಕಿ ಯಾವ ಪಾರ್ಟಿಶನ್ನಿಗೆ ಎಂಬುದು ಒಟ್ಟು ಸಂಖ್ಯೆಯ ಮೇಲೆ ನಿಂತಿರುವುದರಿಂದ, ಸಂಖ್ಯೆ ಬದಲಾದ ಮೇಲೆ ಅದೇ ಗೇಟಿನ ಹೊಸ ಅಂಕಿಗಳು ಬೇರೆ ಕಡೆ ಹೋಗಿ ಬೀಳಬಹುದು. ಆಗ ಬಂದ ಕ್ರಮದಲ್ಲೇ ಓದಿಸುವ ಭರವಸೆ ಮುರಿದಂತೆಯೇ. ಇದಕ್ಕೂ ಪೂರ್ವಪ್ರದರ್ಶನವಿಲ್ಲ. ಏಳು ದಿನ ಉಳಿಸು ಎಂದಿದ್ದ ಸಂದೇಶಗಳನ್ನು ಒಂದು ಸೆಕೆಂಡ್ ಉಳಿಸು ಎಂದು ಬದಲಿಸಿದರೂ ಕಮಾಂಡು ಮರುಮಾತಿಲ್ಲದೆ ಒಪ್ಪುತ್ತದೆ. ಮೂಲ ಸೆಟ್ಟಿಂಗಿನಲ್ಲಿ ಐದು ನಿಮಿಷಕ್ಕೊಮ್ಮೆ ನಡೆಯುವ ತಪಾಸಣೆ ಬಂದಾಗ ಹಳೆಯದೆಲ್ಲ ಖಾಲಿ. ಆಫ್‌ಸೆಟ್ ಸರಿಸುವ ಕಮಾಂಡು ಬರೆದವರಿಗೆ ಇದೆಲ್ಲ ತಿಳಿಯದೆ ಇರಲಾರದು. ಹಳೆಯ ಸ್ಕ್ರಿಪ್ಟುಗಳು ಮುರಿಯಬಾರದೆಂಬ ಅಂಜಿಕೆ ಇರಬೇಕೆಂದು ನನ್ನ ಊಹೆ. ಆದರೆ ‘ಝೂಕೀಪರ್’ ಎಂಬ ಆಯ್ಕೆಯನ್ನು 2021ರ 3.0 ಆವೃತ್ತಿಯಲ್ಲಿ ಟಾಪಿಕ್ ಕಮಾಂಡಿನಿಂದ ತೆಗೆದುಹಾಕುವಾಗ, 2025ರ 4.0ರಲ್ಲಿ ಕ್ಲಸ್ಟರಿನ ಲೆಕ್ಕ ಇಡುತ್ತಿದ್ದ ಝೂಕೀಪರನ್ನೇ ಬೀಳ್ಕೊಡುವಾಗ ಮುರಿದ ಸ್ಕ್ರಿಪ್ಟುಗಳೇನು ಕಡಿಮೆಯೇ?

ಹೆಸರಿನ ವಿಷಯ ನಮ್ಮಂಥವರಿಗೆ ಇನ್ನೊಂದು ತೊಡಕು. ನಮ್ಮ ಸೀಮೆಯ ಹಲಸಂಗಿ ಎಂಬ ಊರೆಂದರೆ ಕನ್ನಡ ಓದುಗರಿಗೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, 1931ರ ‘ಗರತಿಯ ಹಾಡು’. ಆ ಹೆಸರನ್ನು ಕನ್ನಡದಲ್ಲೇ ಟಾಪಿಕ್ಕಿಗೆ ಕೊಟ್ಟರೆ ಕಾಫ್ಕಾ ತಿರಸ್ಕರಿಸುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ, ಅಡ್ಡಗೆರೆ, ಹೆಚ್ಚೆಂದರೆ 249 ಅಕ್ಷರ, ಅಷ್ಟೇ. ಒಳಗಿನ ಸಂದೇಶ ಕನ್ನಡದಲ್ಲಿದ್ದರೆ ತೊಂದರೆಯಿಲ್ಲ. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಹೊರಟರೆ ಲಕಾರದ ನಂತರ ಒಬ್ಬರು ‘ಎ’ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗತಿಯೂ ಅದೇ. ಇಲ್ಲದ ಹೆಸರಿಗೆ ಸಂದೇಶ ಕಳಿಸಿದರೆ ಮೂಲ ಸೆಟ್ಟಿಂಗಿನಲ್ಲಿ ಬ್ರೋಕರ್ ದೋಷ ತೋರಿಸಿ ನಿಲ್ಲುವ ಬದಲು ಹೊಸ ಟಾಪಿಕ್ ಹುಟ್ಟಿಸಿಬಿಡುತ್ತದೆ! ಸಂದೇಶ ಕಳಿಸುವ ಕಮಾಂಡಾದ ಕನ್ಸೋಲ್ ಪ್ರೊಡ್ಯೂಸರ್ ಒಂದೆರಡು ಎಚ್ಚರಿಕೆಯ ಸಾಲು ಉದುರಿಸಿ ಮುಂದೆ ಸಾಗುತ್ತದೆ. ಅಂಕಿಗಳು ಎರಡು ಹಲಸಂಗಿಗಳಿಗೆ ಹಂಚಿಹೋಗುತ್ತವೆ, ಓದುವವನಿಗೆ ಅರ್ಧ ಮಾತ್ರ ಸಿಗುತ್ತದೆ.

ಉಳಿದ ದೋಷಗಳು ಬರೀ ಕಿರಿಕಿರಿ. ಪ್ರತಿ ಕಮಾಂಡಿಗೂ ಜಾವಾ ಯಂತ್ರ ಎದ್ದು ಕೂರುವವರೆಗೆ ಕಾಯಬೇಕು. ಪಾಸ್‌ವರ್ಡಿನ ಕಡತ ತೋರಿಸಲು ಒಂದು ಕಮಾಂಡಿನಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಮ್ಯಾಗ್ನಸ್ ಎಡೆನ್‌ಹಿಲ್ ಸಿ ಭಾಷೆಯಲ್ಲಿ ಬರೆದ ಕೆಕ್ಯಾಟ್ ಎಂಬ ಸಾಧನ ಇದಕ್ಕೆಲ್ಲ ಒಳ್ಳೆಯ ಉತ್ತರ. ಕ್ಷಣದಲ್ಲಿ ಎದ್ದು ಕೇಳಿದ ಸಂದೇಶ ಕೊಡುತ್ತದೆ. ಕ್ಲಸ್ಟರಿನ ಆಡಳಿತ ಮಾತ್ರ ಅದರ ಕೆಲಸವಲ್ಲ, ಹೀಗಾಗಿ ಮೂಲ ಸಾಧನವನ್ನು ಬಿಟ್ಟು ಬದುಕಲಾಗದು.

ಆದ್ದರಿಂದ ಸಾಧನ ತಾನೇ ಇಡದ ಎಚ್ಚರವನ್ನು ಹೊರಗಿನಿಂದ ತೊಡಿಸಬೇಕು. ಟಾಪಿಕ್ ತಾನಾಗಿ ಹುಟ್ಟುವ ಸೆಟ್ಟಿಂಗನ್ನು ಮೊದಲ ದಿನವೇ ಮುಚ್ಚುವುದು, ಅಳಿಸುವ ಮುನ್ನ ಅದೇ ಹೆಸರಿನಲ್ಲಿ ವಿವರ ಕೇಳಿ ಎಷ್ಟು ಟಾಪಿಕ್ ಬಲೆಗೆ ಬಿದ್ದವು ಎಂದು ನೋಡುವುದು, ದಿನದ ಕೆಲಸಕ್ಕೆ ನೋಡುವ ಅಧಿಕಾರವಷ್ಟೇ ಇರುವ ಖಾತೆ ಇಟ್ಟುಕೊಳ್ಳುವುದು. ಇಂಥ ಖಾತೆಗೆ ಅನುಮತಿ ಕೊಡುವ ಎಸಿಎಲ್ ಕಮಾಂಡೂ ಇದೇ ಪೆಟ್ಟಿಗೆಯಲ್ಲಿದೆ. ಅದರಿಂದ ಒಂದು ಅನುಮತಿ ತೆಗೆಯಲು ಹೋದರೆ, ವಿಚಿತ್ರ ನೋಡಿ, ‘ಖಚಿತವೇ?’ ಎಂದು ಕೇಳುತ್ತದೆ.