ಹೊರಟ ಕರಡಿ, ಮರಳಿದ ಕರಡಿ: ಕ್ರೀಡಾಭಿಮಾನಿಗಳ ಟೆಡ್ಡಿಬೊಂಬೆಯ ಪಯಣ ಕಥನಗಳು

ನಮ್ಮ ಜಾನಪದ ಅಧ್ಯಯನದಲ್ಲಿ ಬೊಂಬೆಗೆ ದೊರೆತಿರುವ ಸ್ಥಾನ ಬಹುಮಟ್ಟಿಗೆ ಎರಡು ಬಗೆಯದು. ತೊಗಲುಗೊಂಬೆ, ಸೂತ್ರದ ಗೊಂಬೆಗಳು ಪ್ರದರ್ಶನ ಕಲೆಯ ಅಂಗವಾಗಿ ಪರಿಗಣಿತವಾಗಿವೆ. ಚನ್ನಪಟ್ಟಣ, ಕಿನ್ನಾಳಗಳ ಗೊಂಬೆಗಳು ಕರಕುಶಲ ವಸ್ತುಗಳಾಗಿ. ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಯಲ್ಲಿ ಬಿಕರಿಯಾಗುವ ಬೊಂಬೆಯನ್ನು ಜಾನಪದದ ಹೊಸ್ತಿಲೊಳಗೆ ಬಿಟ್ಟುಕೊಳ್ಳಲು ವಿದ್ವಾಂಸರು ಹಿಂಜರಿದಿರುವುದೇ ಹೆಚ್ಚು. ಅಮೆರಿಕದ ರಿಚರ್ಡ್ ಡಾರ್ಸನ್ 1950ರಲ್ಲಿ 'ಫೇಕ್‌ಲೋರ್' ಎಂಬ ಪರಿಕಲ್ಪನೆಯನ್ನು ಮುಂದಿಟ್ಟ ಮೇಲೆ ಈ ಹಿಂಜರಿಕೆಗೆ ಶಾಸ್ತ್ರೀಯವಾದ ಆಧಾರವೂ ಸಿಕ್ಕಂತಾಯಿತು. ಡಾರ್ಸನ್ನರ ಎಚ್ಚರಿಕೆ ಅಗತ್ಯವಾದದ್ದೇ. ಆದರೆ ಒಂದು ವಸ್ತುವನ್ನು ಯಾರು ತಯಾರಿಸಿದರು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಅದನ್ನು ಯಾರು ಹೊತ್ತು ನಡೆದರು ಎಂಬ ಪ್ರಶ್ನೆ. ಹೊರದೇಶಗಳ ಕ್ರೀಡಾಭಿಮಾನಿಗಳು ತಮ್ಮ ತಂಡದ ಗುರುತಿನ ಟೆಡ್ಡಿ ಕರಡಿಯನ್ನು ಊರಿಂದೂರಿಗೆ ಕರೆದೊಯ್ದು, ಅದರ ಸುತ್ತಾಟವನ್ನು ಚಿತ್ರಗಳ ಸಮೇತ ಮಕ್ಕಳಿಗೆ ಕಥೆಯಾಗಿ ಹೇಳುವ ರೂಢಿಯನ್ನು ಪ್ರಸ್ತುತ ಪ್ರಬಂಧವು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ನೋಡಬಯಸುತ್ತದೆ.

ಟೆಡ್ಡಿಯ ಹುಟ್ಟಿನ ಕಥೆಯೇ ಒಂದು ಪ್ರಯಾಣದ ಕಥೆ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿ ರಾಜ್ಯದ ಆನ್‌ವರ್ಡ್ ಎಂಬಲ್ಲಿಗೆ ಕರಡಿ ಬೇಟೆಗೆಂದು ಹೋದರು. ಬೇಟೆಯ ಮುಂದಾಳು ಹೋಲ್ಟ್ ಕಾಲಿಯರ್, ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಹೆಸರಾಂತ ಕರಡಿ ಬೇಟೆಗಾರರಾದ ಆಫ್ರಿಕನ್ ಮೂಲದ ವ್ಯಕ್ತಿ. ನಾಯಿಗಳು ಅಟ್ಟಿ ದಣಿಸಿದ್ದ ಕರಡಿಯನ್ನು ಅವರು ಮರಕ್ಕೆ ಕಟ್ಟಿ ಅಧ್ಯಕ್ಷರಿಗೆ ಹೇಳಿಕಳುಹಿಸಿದರು. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸಲು ರೂಸ್‌ವೆಲ್ಟ್ ಒಪ್ಪಲಿಲ್ಲ. ನವೆಂಬರ್ 16ರ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ ಈ ಪ್ರಸಂಗವನ್ನು ವ್ಯಂಗ್ಯಚಿತ್ರವಾಗಿಸಿದರು. ಬ್ರೂಕ್ಲಿನ್ನಿನ ಅಂಗಡಿಕಾರ ಮಾರಿಸ್ ಮಿಕ್ಟಮ್ ದಂಪತಿಗಳು ಬಟ್ಟೆಯ ಕರಡಿ ಹೊಲಿದು ಅದಕ್ಕೆ ಅಧ್ಯಕ್ಷರ ಅಡ್ಡಹೆಸರನ್ನಿಟ್ಟರು. ಸುಮಾರು ಅದೇ ಹೊತ್ತಿಗೆ ಜರ್ಮನಿಯ ಸ್ಟೈಫ್ ಸಂಸ್ಥೆಯೂ ಕೈಕಾಲು ಆಡಿಸಬಲ್ಲ ಕರಡಿ ಬೊಂಬೆಯನ್ನು ರೂಪಿಸಿತ್ತು.

ಜನಪ್ರಿಯ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಆ ಕರಡಿ ಉಳಿಯಲಿಲ್ಲ. ತೀವ್ರವಾಗಿ ಗಾಯಗೊಂಡಿದ್ದ ಅದನ್ನು ರೂಸ್‌ವೆಲ್ಟ್ ಅವರ ಸೂಚನೆಯಂತೆಯೇ ಚೂರಿಯಿಂದ ಕೊಲ್ಲಲಾಯಿತು. ಬೆರಿಮನ್ನರ ಮುಂದಿನ ಚಿತ್ರಗಳಲ್ಲಿ ದೊಡ್ಡ ಕರಡಿ ಕುಗ್ಗಿ ಮರಿಯಾಯಿತು. ಕಥೆ ಹೇಳುವವರ ಬಾಯಲ್ಲಿ ಮರಿ ಬದುಕಿ ಕಾಡಿಗೆ ಮರಳಿತು. ಐತಿಹ್ಯವೊಂದು ತನಗೆ ಬೇಡವಾದ ಭಾಗವನ್ನು ಕಳಚಿಕೊಳ್ಳುವ ಪ್ರಕ್ರಿಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಇಲ್ಲಿ ನಾವು ಗುರುತಿಸಬೇಕಾದ ಆಶಯವೆಂದರೆ 'ಮರಳುವಿಕೆ'. ಮರಳದೇ ಹೋದ ಪ್ರಾಣಿಯನ್ನು ಮರಳಿಸುವುದೇ ಈ ಬೊಂಬೆಯ ಮೊದಲ ಕೆಲಸವಾಗಿತ್ತು.

ಕ್ರೀಡಾರಂಗದ ಕರಡಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1980ರ ಮಾಸ್ಕೋ ಒಲಿಂಪಿಕ್ಸ್‌ನ ಮಿಶಾ. ಮಕ್ಕಳ ಪುಸ್ತಕಗಳ ಚಿತ್ರಕಾರ ವಿಕ್ಟರ್ ಚಿಜಿಕೋವ್ ಇದನ್ನು ರಚಿಸಿದರು. ಸೊಂಟಕ್ಕೆ ಒಲಿಂಪಿಕ್ಸ್‌ನ ಐದು ಬಣ್ಣಗಳ ಪಟ್ಟಿ, ಅದರ ಕೊಂಡಿಯಲ್ಲಿ ಐದು ಬಳೆಗಳು. ಮಿಶಾ ಎಂಬುದು ಸಮಿತಿಯೊಂದು ಹೊಸದಾಗಿ ಹುಟ್ಟುಹಾಕಿದ ಹೆಸರಲ್ಲ. ರಷ್ಯನ್ ಜನಪದ ಕಥೆಗಳಲ್ಲಿ ಕರಡಿಗೆ ಮಿಖಾಯಿಲ್ ಪೊತಾಪಿಚ್ ಎಂಬ ಗೌರವದ ಹೆಸರಿದೆ; ಅದರ ಮುದ್ದಿನ ರೂಪಗಳೇ ಮಿಶಾ, ಮಿಷ್ಕಾ. ಹೀಗಾಗಿ ಅಧಿಕೃತ ಲಾಂಛನವೊಂದು ಜನಪದರಿಂದ ಹೆಸರನ್ನು ಕಡ ತಂದಿತ್ತು ಎನ್ನಬೇಕು. ಆ ಕಡವನ್ನು ಜನ ಹೇಗೆ ವಸೂಲಿ ಮಾಡಿದರು ಎಂಬುದನ್ನು ಮುಂದೆ ನೋಡೋಣ.

ಮಿಶಾನ ಪಯಣಗಳು ಕ್ರೀಡಾಕೂಟಕ್ಕಿಂತ ಮೊದಲೇ ಆರಂಭವಾದವು. 1978ರಲ್ಲಿ ಅದರ ಬೊಂಬೆಯೊಂದು ಗಗನಯಾತ್ರಿಗಳೊಡನೆ ಸಲ್ಯೂತ್-6 ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂತು. ಜಪಾನಿನಲ್ಲಿ 1979-80ರಲ್ಲಿ ಅದೇ ಕರಡಿಮರಿಯನ್ನು ನಾಯಕನನ್ನಾಗಿಸಿದ ಮಕ್ಕಳ ದೂರದರ್ಶನ ಮಾಲಿಕೆ ಪ್ರಸಾರವಾಯಿತು. ಅಮೆರಿಕದಲ್ಲಿ ಮಾರಾಟಕ್ಕೆಂದು ಸಿದ್ಧವಾಗಿದ್ದ ಮಿಶಾ ಬೊಂಬೆಗಳು ಮಾತ್ರ ಒಲಿಂಪಿಕ್ಸ್ ಬಹಿಷ್ಕಾರದಿಂದಾಗಿ ಕೊಳ್ಳುವವರನ್ನು ಕಳೆದುಕೊಂಡವು. ಇವೆಲ್ಲ ಪ್ರಭುತ್ವ ಮತ್ತು ಮಾರುಕಟ್ಟೆ ನಿರ್ಧರಿಸಿದ ಪಯಣಗಳು. ಇವುಗಳಲ್ಲಿ ಕಥೆಯಿಲ್ಲ, ವರದಿ ಇದೆ.

ಕಥೆ ಹುಟ್ಟಿದ್ದು 1980ರ ಆಗಸ್ಟ್ 3ರ ರಾತ್ರಿ, ಸಮಾರೋಪದಲ್ಲಿ. ಇಂದು ಲುಜ್‌ನಿಕಿ ಎಂದು ಕರೆಯಲಾಗುವ ಕ್ರೀಡಾಂಗಣದ ಮೆಟ್ಟಿಲುಸಾಲುಗಳಲ್ಲಿ ಕುಳಿತವರು ಬಣ್ಣದ ಹಲಗೆಗಳನ್ನು ತಿರುಗಿಸಿ ಮಿಶಾನ ಮುಖವನ್ನು ಮೂಡಿಸಿದರು. ಆ ಮುಖದ ಕಣ್ಣಿಂದ ಹನಿಯೊಂದು ಕೆಳಗಿಳಿಯಿತು. ಬಳಿಕ ಪಖ್ಮುತೋವಾ ಸ್ವರ ಸಂಯೋಜಿಸಿದ ವಿದಾಯಗೀತೆಯ ನಡುವೆ, ಬಲೂನುಗಳ ಗೊಂಚಲು ಹಿಡಿದ ಭಾರಿ ಗಾತ್ರದ ಮಿಶಾ ಮೈದಾನದಿಂದ ಮೇಲೆದ್ದು ಕತ್ತಲಲ್ಲಿ ಮರೆಯಾಯಿತು. ಸಮಾರಂಭದ ಮಟ್ಟಿಗೆ ಅಲ್ಲಿಗೆ ಮಿಶಾನ ಕೆಲಸ ಮುಗಿಯಿತು. ಜನರ ಪಾಲಿಗೆ ಮುಗಿಯಲಿಲ್ಲ. ಅದು ಎಲ್ಲಿ ಇಳಿಯಿತು? ಯಾರ ಕೈಗೆ ಸಿಕ್ಕಿತು? ನದಿಯಾಚೆಯ ಗುಡ್ಡದಲ್ಲಿ ಇಳಿಯಿತೆಂದರು. ಯಾವುದೋ ಗುಡಿಸಲಂಗಡಿಯ ಮೇಲೆ ಬಿದ್ದು ಅಲ್ಲಿದ್ದವರನ್ನು ಬೆಚ್ಚಿಸಿತೆಂದರು. ಜರ್ಮನರು ಭಾರಿ ಬೆಲೆಗೆ ಕೇಳಿದರೂ ಸರ್ಕಾರ ಕೊಡಲಿಲ್ಲವೆಂದರು, ಕೊನೆಗೆ ನೆಲಮಾಳಿಗೆಯಲ್ಲಿ ಇಲಿಗಳ ಪಾಲಾಯಿತೆಂದರು. ಇವುಗಳಲ್ಲಿ ಯಾವುದು ನಿಜ ಎಂಬುದು ಇಲ್ಲಿ ನಮ್ಮ ಜಿಜ್ಞಾಸೆಯಲ್ಲ. ಕಳುಹಿಸಿಕೊಡಲೆಂದೇ ರೂಪಿಸಿದ ಬೊಂಬೆಗೆ ಜನ ತಾವಾಗಿಯೇ ಒಂದು ಮರಳುವಿಕೆಯನ್ನು ಕಟ್ಟಿಕೊಟ್ಟರು. ಆ ಮರಳುವಿಕೆ ಹಾಸ್ಯಾಸ್ಪದವೂ ದುಃಖಕರವೂ ಆಗಿದ್ದರೂ ಸರಿ, ಅದು ಮನೆಗೇ ಬರಬೇಕಿತ್ತು. ಲಾಂಛನ ಜಾನಪದವಾದದ್ದು ಈ ವದಂತಿಗಳಲ್ಲಿಯೇ ಹೊರತು ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾದ ಪ್ರತಿಕೃತಿಗಳಲ್ಲಿ ಅಲ್ಲ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಸಮಾರೋಪದಲ್ಲಿ ಬೃಹತ್ ಹಿಮಕರಡಿಯೊಂದು ಜ್ಯೋತಿಯನ್ನು ಊದಿ ಆರಿಸಿ ಕಣ್ಣೀರು ಮಿಡಿದದ್ದನ್ನು ಇದರೊಡನೆ ಹೋಲಿಸಬಹುದು. ಯಂತ್ರಕೌಶಲದಲ್ಲಿ ಅದು ಮೇಲು. ಆದರೆ ಹಳೆಯ ಕಣ್ಣೀರಿನ ಉಲ್ಲೇಖವೇ ಅದರ ಬಂಡವಾಳ. ತಮ್ಮ ಮಿಶಾನ ಮುಖವನ್ನೇ ಅದಕ್ಕೆ ಬಳಸಿಕೊಳ್ಳಲಾಗಿದೆ ಎಂದು ಚಿಜಿಕೋವ್ ಆಕ್ಷೇಪಿಸಿದ್ದರು.

ಇನ್ನು ಅಭಿಮಾನಿಗಳ ಟೆಡ್ಡಿ. ಇದು ಸಮಿತಿಯ ಸೃಷ್ಟಿಯಲ್ಲ. ಆಕಾರದಲ್ಲಿ ಕಿರಿದು, ಚೀಲದಲ್ಲಿ ಹಿಡಿಯುವಂಥದು. ಕೊರಳಿಗೆ ತಂಡದ ಬಣ್ಣದ ಪಟ್ಟಿ ಸುತ್ತಿರುತ್ತದೆ. ಹೊರ ಊರಿನ ಪಂದ್ಯಕ್ಕೆ ಹೋಗುವವರು ಅದನ್ನು ರೈಲಿನ ಕಿಟಕಿಯ ಬಳಿ, ಹೋಟೆಲಿನ ಮೇಜಿನ ಮೇಲೆ, ಕ್ರೀಡಾಂಗಣದ ಕುರ್ಚಿಯಲ್ಲಿ ಕೂರಿಸಿ ಚಿತ್ರ ತೆಗೆಯುತ್ತಾರೆ. ಮನೆಯಲ್ಲಿ ಉಳಿದ ಮಗುವಿಗೆ ಆ ಚಿತ್ರಗಳ ಸರಣಿಯೇ ಕಥೆ. ಕಥೆಯ ಕಟ್ಟು ಸರಳ: ಹೊರಡುವುದು, ದಾರಿಯ ತೊಡಕು, ಪಂದ್ಯ, ಮರಳುವುದು. ಪಂದ್ಯದ ಫಲಿತಾಂಶ ಹೇಳುವವರ ಕೈಯಲ್ಲಿಲ್ಲ ಎಂಬುದೇ ಈ ಪ್ರಕಾರದ ವಿಶೇಷ. ಅಜ್ಜಿಕಥೆಯ ರಾಜಕುಮಾರ ಗೆಲ್ಲುವುದು ಖಚಿತ. ಇಲ್ಲಿ ತಂಡ ಸೋಲಬಹುದು, ಕಥೆಯನ್ನು ಆದರೂ ಮುಗಿಸಬೇಕು. ಸೋತ ದಿನದ ಕರಡಿಯನ್ನು ಮನೆಗೆ ತರುವ ಬಗೆಯಲ್ಲಿ ಕಥೆಗಾರನ ಕಸುವು ಗೊತ್ತಾಗುತ್ತದೆ.

ನಮ್ಮ ಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ ತಂಡದ ಅಧಿಕೃತ ಲಾಂಛನವು ಮೂಲಮೂರ್ತಿ, ಚೀಲದ ಟೆಡ್ಡಿ ಉತ್ಸವಮೂರ್ತಿ. ಈ ಹೋಲಿಕೆಯನ್ನು ದೂರ ಎಳೆಯುವುದು ತರವಲ್ಲ. ಟೆಡ್ಡಿಗೆ ಪೂಜೆಯಿಲ್ಲ, ಹರಕೆಯಿಲ್ಲ. ಆದರೂ ದೇವಿಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುವ ದುರುಗಮುರುಗಿಯವರನ್ನು ಬಲ್ಲ ನಮಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಸಂಚಾರಿ ಮೂರ್ತಿ ತಾನಾಗಿ ನಡೆಯುವುದಿಲ್ಲ. ಹೊರುವವರಿಲ್ಲದೆ ಅದಕ್ಕೆ ಕಥೆಯಿಲ್ಲ.

ಹೊರುವ ಈ ಸಂಬಂಧವನ್ನು ಮಾಶಾ ಮತ್ತು ಕರಡಿಯ ರಷ್ಯನ್ ಜನಪದ ಕಥೆಯೊಡನೆ ಇಟ್ಟು ನೋಡುವುದು ಉಪಯುಕ್ತ. ಕಾಡಿನಲ್ಲಿ ಕರಡಿಯ ಕೈಗೆ ಸಿಕ್ಕ ಹುಡುಗಿ ಕಡುಬಿನ ಬುಟ್ಟಿಯೊಳಗೆ ಅಡಗಿ ಕುಳಿತು, ಅದೇ ಕರಡಿಯ ಬೆನ್ನೇರಿ ಅದಕ್ಕೆ ತಿಳಿಯದಂತೆ ಮನೆ ಸೇರುತ್ತಾಳೆ. ಅಲ್ಲಿ ಕರಡಿ ಮಗುವನ್ನು ಹೊತ್ತಿದೆ. ಅಭಿಮಾನಿಯ ರೂಢಿಯಲ್ಲಿ ಮನುಷ್ಯರು ಕರಡಿಯನ್ನು ಹೊತ್ತಿದ್ದಾರೆ. ಪಾತ್ರಗಳು ಅದಲುಬದಲಾಗಿವೆ, ಗುರಿ ಬದಲಾಗಿಲ್ಲ: ಎರಡರಲ್ಲಿಯೂ ಚಿಕ್ಕದು ಕ್ಷೇಮವಾಗಿ ಮನೆಗೆ ತಲುಪಬೇಕು. (ಸೋವಿಯತ್ ಪ್ರಕಾಶನಗಳ ಮಕ್ಕಳ ಪುಸ್ತಕಗಳು ನವಕರ್ನಾಟಕದ ಮೂಲಕ ನಮ್ಮ ಮನೆಗಳಿಗೆ ಬರುತ್ತಿದ್ದ ಕಾಲದಲ್ಲಿ ಬೆಳೆದವರಿಗೆ ರಷ್ಯದ ಕರಡಿ ಅಪರಿಚಿತವೇನಲ್ಲ.)

ಕರಡಿಯ ಸಂಚಾರಕ್ಕೆ ಮೃದುವಲ್ಲದ ಇನ್ನೊಂದು ಚರಿತ್ರೆಯೂ ಇದೆ. ರಷ್ಯದಲ್ಲಿ ಪಳಗಿಸಿದ ಕರಡಿಗಳೊಡನೆ ತಿರುಗುತ್ತಿದ್ದ ವಿನೋದಗಾರರು, ನಮ್ಮಲ್ಲಿ ಖಲಂದರರು ಮಕ್ಕಳ ಮುಂದೆಯೇ ಆಟವಾಡಿಸುತ್ತಿದ್ದರು. ಮಗುವಿನ ಹೆದರಿಕೆ ಹೋಗಲೆಂದು ಕರಡಿಯ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯಿತಕ್ಕೆ ಹಾಕುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿತ್ತು. ಆ ಕರಡಿಯ ಮೂತಿಗೆ ಹಗ್ಗ ಪೋಣಿಸಲಾಗಿತ್ತು, ಮರಳಲು ಅದಕ್ಕೆ ಮನೆಯಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕವೂ ದಶಕಗಳ ಕಾಲ ಉಳಿದಿದ್ದ ಈ ವೃತ್ತಿ, 2009ರ ಕೊನೆಯಲ್ಲಿ ಕುಣಿತದ ಕರಡಿಯೊಂದು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವನ್ನು ಸೇರಿದಾಗ ಮುಗಿಯಿತೆಂದು ಹೇಳಲಾಯಿತು. ಖಲಂದರರ ಬದುಕಿನ ಪ್ರಶ್ನೆ ಬೇರೆಯಾಗಿಯೇ ಚರ್ಚಿಸಬೇಕಾದದ್ದು. ಇಲ್ಲಿ ಹೇಳಬೇಕಾದದ್ದಿಷ್ಟೆ: ಬಟ್ಟೆಯ ಕರಡಿಯ ಪ್ರವಾಸವನ್ನು ಬರಿಯ ಮುದ್ದಿನ ವಿಷಯವೆಂದು ಬಗೆಯುವವರು ಆನ್‌ವರ್ಡಿನ ಮರವನ್ನೂ ಈ ಹಗ್ಗವನ್ನೂ ಮರೆಯುತ್ತಾರೆ.

ಇದೇ ಕುಟುಂಬಕ್ಕೆ ಸೇರಿದ ಇನ್ನೆರಡು ರೂಢಿಗಳನ್ನು ಇಲ್ಲಿ ಸಂಕ್ಷೇಪವಾಗಿ ಗಮನಿಸಬಹುದು. ಜೆಫ್ ಬ್ರೌನ್ 1964ರಲ್ಲಿ ಬರೆದ 'ಫ್ಲಾಟ್ ಸ್ಟಾನ್ಲಿ'ಯಲ್ಲಿ ಚಪ್ಪಟೆಯಾದ ಹುಡುಗ ಲಕೋಟೆಯಲ್ಲಿ ಪ್ರಯಾಣ ಮಾಡುತ್ತಾನೆ. 1995ರಲ್ಲಿ ಕೆನಡಾದ ಶಾಲಾ ಶಿಕ್ಷಕ ಡೇಲ್ ಹ್ಯೂಬರ್ಟ್ ಇದನ್ನು ಮಕ್ಕಳ ಪತ್ರವ್ಯವಹಾರದ ಯೋಜನೆಯಾಗಿಸಿದರು. ಕಾಗದದ ಸ್ಟಾನ್ಲಿ ಹೋದ ಕಡೆಯ ದಿನಚರಿಯೊಂದಿಗೆ ಹಿಂತಿರುಗಬೇಕು. ಇದು ಅಭಿಮಾನಿಗಳ ಟೆಡ್ಡಿಗೆ ಹತ್ತಿರದ ದಾಯಾದಿ. ಎರಡನೆಯದು ಉತ್ತರ ಅಮೆರಿಕದ ಐಸ್ ಹಾಕಿ ಪಂದ್ಯಗಳ 'ಟೆಡ್ಡಿ ಎಸೆತ'. 1993ರಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್‌ನಲ್ಲಿ ಆರಂಭವಾದ ಈ ಆಚರಣೆಯಲ್ಲಿ, ತಮ್ಮ ತಂಡ ಮೊದಲ ಗೋಲು ಹೊಡೆದೊಡನೆ ಪ್ರೇಕ್ಷಕರು ಟೆಡ್ಡಿಗಳನ್ನು ಮಂಜಿನ ಅಂಕಣಕ್ಕೆ ಎಸೆಯುತ್ತಾರೆ. ಅವು ಆಸ್ಪತ್ರೆಗಳ ಮತ್ತು ಅಗತ್ಯವುಳ್ಳ ಮಕ್ಕಳ ಕೈ ಸೇರುತ್ತವೆ. 2025ರ ಜನವರಿಯಲ್ಲಿ ಅಮೆರಿಕದ ಹರ್ಷಿ ಬೇರ್ಸ್ ತಂಡದ ಪಂದ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬೊಂಬೆಗಳು ಬಿದ್ದವು. ದಾನವಾಗಿ ಇದು ಉದಾತ್ತ. ಕಥನದ ದೃಷ್ಟಿಯಿಂದ ಇದು ಅಭಿಮಾನಿ ಟೆಡ್ಡಿಯ ತದ್ವಿರುದ್ಧ: ಈ ಕರಡಿಗಳಿಗೆ ಹೆಸರಿಲ್ಲ, ಹಿಂತಿರುಗುವಿಕೆಯಿಲ್ಲ. ಅವುಗಳ ಕಥೆ ಪಡೆದ ಮಗುವಿನ ಹಾಸಿಗೆಯಲ್ಲಿ ಹೊಸದಾಗಿ ಆರಂಭವಾಗಬೇಕು.

ಮಕ್ಕಳಿಗಾಗಿ ಹೇಳಲಾದ ಕರಡಿ ಪ್ರವಾಸಗಳ ಗುಣದೋಷಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಇವುಗಳಲ್ಲಿ ಬಹುಪಾಲು ದುರ್ಬಲವೆಂದೇ ಹೇಳಬೇಕು. ಕರಡಿಯ ಬಾಯಲ್ಲಿ ಪ್ರವಾಸಿ ಕೈಪಿಡಿಯ ಮಾತು ತುಂಬುವುದು ಇವುಗಳ ದೊಡ್ಡ ದೋಷ. ಗೋಪುರದ ಎತ್ತರ, ಸೇತುವೆಯ ವಯಸ್ಸು ಹೇಳುವ ಕರಡಿ ಮೇಷ್ಟರ ವೇಷ ಹಾಕಿದ ಬೊಂಬೆ. ಎದುರಾಳಿ ತಂಡವನ್ನು ಹಳಿಯುವ ಕರಡಿ ಇನ್ನೂ ಕೆಟ್ಟದ್ದು. ವೈರವನ್ನು ಮುದ್ದಾದ ಮುಖದ ಮೂಲಕ ಮಗುವಿಗೆ ದಾಟಿಸುವ ಕೆಲಸ ಅದು. ಮೈಕೆಲ್ ಬಾಂಡ್ 1958ರಲ್ಲಿ ಸೃಷ್ಟಿಸಿದ ಪ್ಯಾಡಿಂಗ್ಟನ್ ಕರಡಿಯಿಂದ ಈ ಕಥೆಗಾರರು ಕಲಿಯಬೇಕಾದದ್ದಿದೆ. ಪೆರು ದೇಶದಿಂದ ಒಂಟಿಯಾಗಿ ಬಂದ ಆ ಮರಿಯ ಕೊರಳಲ್ಲಿ ತನ್ನನ್ನು ನೋಡಿಕೊಳ್ಳಿ ಎಂಬ ಕೋರಿಕೆಯ ಚೀಟಿಯಿದೆ. ಯುದ್ಧಕಾಲದಲ್ಲಿ ಹೆಸರಿನ ಚೀಟಿ ಕಟ್ಟಿಕೊಂಡು ರೈಲು ಹತ್ತಿದ ಇಂಗ್ಲೆಂಡಿನ ಮಕ್ಕಳ ನೆನಪು ಅದರ ಹಿಂದಿದೆ ಎಂದು ಬಾಂಡ್ ಹೇಳಿದ್ದಾರೆ. ಅದು ಪರಸ್ಥಳದಲ್ಲಿ ಏನನ್ನೂ ಬಲ್ಲುದಲ್ಲ, ಮತ್ತೊಬ್ಬರ ದಯೆಯನ್ನು ಆಶ್ರಯಿಸಿದೆ. ಅಭಿಮಾನಿಗಳ ಕಥೆಗಳಲ್ಲಿಯೂ ಕರಡಿ ಬಸ್ಸಿನಲ್ಲಿ ಮರೆತುಹೋಗಿ, ಎದುರಾಳಿ ಊರಿನವರ ಕೈಗೆ ಸಿಕ್ಕಿ, ಅವರೇ ಅದನ್ನು ಹಿಂದಿರುಗಿಸುವ ಎಡೆಗಳು ಬಂದಾಗಲೇ ಕಥನ ಉಸಿರಾಡತೊಡಗುತ್ತದೆ.

ಸಂಗ್ರಹಾಲಯಗಳ ವಿಷಯದಲ್ಲಿ ಒಂದು ಮಾತು. ಕ್ರೀಡಾಲಾಂಛನದ ಬೊಂಬೆಗಳನ್ನು ಸಂಗ್ರಹಿಸುವವರು ಹೊಚ್ಚಹೊಸದಾದ, ಚೀಟಿ ಕಳಚದ ಪ್ರತಿಯನ್ನೇ ಬಯಸುತ್ತಾರೆ. ಜಾನಪದ ವಿದ್ಯಾರ್ಥಿಗೆ ಬೇಕಾದದ್ದು ಕಿವಿ ಹರಿದು ಮತ್ತೆ ಹೊಲಿಸಿಕೊಂಡ ಪ್ರತಿ. ದಾಖಲೆ ಪಟ್ಟಿಯಲ್ಲಿ ತಯಾರಿಕೆಯ ವರ್ಷ, ಅಳತೆಗಳ ಜೊತೆಗೆ, ಅದು ಯಾವ ಊರುಗಳಿಗೆ ಹೋಗಿಬಂತು, ಹೊತ್ತವರು ಯಾರು, ಕಿವಿಯನ್ನು ಹೊಲಿದ ದಾರದ ಬಣ್ಣ ಯಾವುದು ಎಂಬುದಕ್ಕೂ ಒಂದೊಂದು ಅಂಕಣವಿರಬೇಕು.