ಪತಂಗದ ಗುರುತು: ಹ್ಯಾಂಪ್ಸನ್ ಮತ್ತು ಬೆಲ್

ವೈಟ್‌ಫೀಲ್ಡಿನಲ್ಲೋ ಪೀಣ್ಯದಲ್ಲೋ ಆಕಾಶಮಲ್ಲಿಗೆ ಮರ ಕಂಡರೆ ಅದರ ಕಾಂಡವನ್ನು ಹತ್ತಿರದಿಂದ ನೋಡಿ. ತೊಗಟೆಯ ಚೂರೆಂದು ನೀವು ಭಾವಿಸಿದ್ದು ರೆಕ್ಕೆ ಮಡಚಿ ಕುಳಿತ ದೊಡ್ಡ ಬೂದು ಪತಂಗವಾಗಿರಬಹುದು. ಇದು ಸಿಲೋಗ್ರಾಮ ಕುಲದ ಹಾಕ್ ಪತಂಗ. ಇದನ್ನು ಗುರುತಿಸಲು ಯಾವ ಪುಸ್ತಕ ನೆರವಾದೀತು?

ಸಾಮಾನ್ಯವಾಗಿ ಹೇಳುವುದು ಜಿ. ಎಫ್. ಹ್ಯಾಂಪ್ಸನ್ ಅವರ ಹೆಸರನ್ನು. 'ಫಾನ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಅವರ ನಾಲ್ಕು ಪತಂಗ ಸಂಪುಟಗಳು 1892ರಿಂದ 1896ರವರೆಗೆ ಪ್ರಕಟವಾದವು. ನೀಲಗಿರಿಯಲ್ಲಿ ಚಹಾ ಬೆಳೆಯುತ್ತಿದ್ದ ಇವರ ಶ್ರಮ ಅಗಾಧ. ಆದರೆ ಈ ಸಂಪುಟಗಳ ವಿಧಾನ ಸೂಜಿಗೆ ಚುಚ್ಚಿ ರೆಕ್ಕೆ ಹರಡಿದ ಸತ್ತ ಕೀಟಕ್ಕೆ ಹೊಂದುವಂಥದ್ದು. ರೆಕ್ಕೆಯ ನಾಳಗಳು, ಸ್ಪರ್ಶಾಂಗ, ಹಿಂದಿನ ರೆಕ್ಕೆಯ ಬಣ್ಣ ಇವೆಲ್ಲ ಬೇಕು. ಮರದ ಮೇಲೆ ಕುಳಿತ ಪತಂಗವಾದರೋ ಹಿಂದಿನ ರೆಕ್ಕೆಯನ್ನೇ ಮುಚ್ಚಿಟ್ಟುಕೊಂಡಿರುತ್ತದೆ! ಮರಿಹುಳುವಿನ ವಿಷಯಕ್ಕೆ ದೊರೆಯುವುದು, ಗೊತ್ತಿದ್ದೆಡೆ, ಕೆಲವೇ ಸಾಲುಗಳು.

ಅದೇ ಮಾಲೆಯಲ್ಲಿ 1937ರಲ್ಲಿ ಬಂದ ಐದನೆಯ ಪತಂಗ ಸಂಪುಟದ ದಾರಿ ಬೇರೆ. ಹಾಕ್ ಪತಂಗಗಳಿಗೆ ಮೀಸಲಾದ ಅದನ್ನು ಬರೆದವರು ಟಿ. ಆರ್. ಬೆಲ್ ಮತ್ತು ಎಫ್. ಬಿ. ಸ್ಕಾಟ್. ಅರಣ್ಯಾಧಿಕಾರಿಯಾಗಿದ್ದ ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿ 1948ರಲ್ಲಿ ತೀರಿಕೊಂಡರು. ಉತ್ತರ ಕನ್ನಡದ ಕಾಡುಗಳಿಂದ ಹುಳುಗಳನ್ನು ತಂದು ಸಾಕಿ, ಮೊಟ್ಟೆ, ಹುಳು, ಕೋಶಗಳನ್ನು ಕಣ್ಣಾರೆ ಕಂಡು ಬರೆದರು. ಯಾವ ಗಿಡದ ಎಲೆ ತಿನ್ನುತ್ತದೆ ಎಂಬುದು ಇಲ್ಲಿ ಅಡಿಟಿಪ್ಪಣಿಯಲ್ಲ, ಮುಖ್ಯ ವಿಷಯ.

ಶಾಲೆಗೆ ಬೇಕಾದದ್ದು ಇದೇ. ಸಿಲೋಗ್ರಾಮದ ಹುಳು ಹಸಿರು; ಪಕ್ಕದಲ್ಲಿ ಓರೆಯಾದ ಬಿಳಿ ಪಟ್ಟೆಗಳು, ಬಾಲದಲ್ಲಿ ಒರಟು ಕೊಂಬು. ಬೆಳೆದ ಮೇಲೆ ಮರದಿಂದಿಳಿದು ಮಣ್ಣಿನೊಳಗೆ ಕೋಶವಾಗುತ್ತದೆ. ಸೊಂಡಿಲಿನ ಭಾಗ ಹೂಜಿಯ ಹಿಡಿಯಂತೆ ಬಾಗಿ ನಿಂತಿರುವುದರಿಂದ ಆ ಕೋಶವನ್ನು ಮರೆಯುವಂತಿಲ್ಲ. (ಬುಡದವರೆಗೂ ಕಾಂಕ್ರೀಟ್ ಹಾಕಿದ ಮರದಿಂದಿಳಿದ ಹುಳು ಎಲ್ಲಿಗೆ ಹೋಗಬೇಕು, ಯೋಚಿಸಿ.)

ದೋಷಗಳೂ ಇವೆ. ಸಂಪುಟ ಒಂದೇ ಕುಟುಂಬಕ್ಕೆ ಸೀಮಿತ. ತೊಗಟೆಯಲ್ಲಿ ಅಡಗುವ ಇತರ ಪತಂಗಗಳಿಗೆ ಮತ್ತೆ ಹ್ಯಾಂಪ್ಸನ್ನರ ಬಳಿಗೇ ಹೋಗಬೇಕು. ಕಾರವಾರದ ಕರಾವಳಿ ಹವೆಯಲ್ಲಿ ಕೋಶಾವಸ್ಥೆ ಎಷ್ಟು ದಿನವೋ, ಬೆಂಗಳೂರಿನ ಚಳಿಗಾಲದಲ್ಲಿ ಅಷ್ಟೇ ಎನ್ನಲಾಗದು. ಅಂದು ಮೆನೆಫ್ರಾನ್ ಎಂಬ ಒಂದೇ ಹೆಸರಿನಡಿ ಸೇರಿದ್ದವನ್ನು ಈಚೆಗೆ ಹಲವು ಪ್ರಭೇದಗಳಾಗಿ ಬೇರ್ಪಡಿಸಲಾಗಿದೆ. ಆದ್ದರಿಂದ ಒಂದು ಛಾಯಾಚಿತ್ರ ನೋಡಿ ಪ್ರಭೇದದ ಹೆಸರು ಬರೆಯಬೇಡಿ, ಕುಲಕ್ಕೆ ನಿಲ್ಲಿಸಿ.

ಹುಳು ಸಾಕುವಿರಾದರೆ ಡಬ್ಬಿಯ ತಳಕ್ಕೆ ನಾಲ್ಕು ಬೆರಳು ಸಡಿಲ ಮಣ್ಣು ಹಾಕಿ. ಸಿಕ್ಕಿದ ಗಿಡದ ಹೆಸರನ್ನೂ ಮಣ್ಣಿಗಿಳಿದ ತಾರೀಕನ್ನೂ ಅಂದೇ ಬರೆದಿಡಿ.